ಮಕ್ಕಳ ಡಾಕ್ಟರಿಗೆ ಕೇಳಿ: ದಮ್ಮು ಎದ್ದ ಮಗು ಎಮರ್ಜೆನ್ಸಿಯಿಂದ ಮನೆಗೆ ಬಂದ ಮೇಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಆಸ್ತಮಾದ ಬಗ್ಗೆಯೇ ಇವೆ. ಚಳಿ ಶುರುವಾಗಿದೆ, ಭತ್ತದ ಕೊಯ್ಲು ನಡೆದಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮಕ್ಕಳಿಗೆ ದಮ್ಮು ಏಳುವ ಕಾಲ ಇದು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಪತ್ರಗಳಿಗೆ ಮಾತ್ರ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಹೋದ ತಿಂಗಳು ಒಂದು ರಾತ್ರಿ ಉಸಿರು ಹಿಡಿದುಕೊಂಡಿತು. ಪಕ್ಕೆ ಒಳಗೆ ಹೋಗುತ್ತಿತ್ತು. ಬಾಡಿಗೆ ಗಾಡಿ ಮಾಡಿಕೊಂಡು ಬಳ್ಳಾರಿಗೆ ಬಂದೆವು. ಎಮರ್ಜೆನ್ಸಿಯಲ್ಲಿ ಆಕ್ಸಿಜನ್ ಇಟ್ಟರು, ಮೂರು ಸಲ ನೆಬುಲೈಸರ್ ಕೊಟ್ಟರು. ಮರುದಿನ ಮಧ್ಯಾಹ್ನ ಎರಡು ಪಂಪು (ಇನ್ಹೇಲರ್), ಐದು ದಿನದ ಮಾತ್ರೆ ಬರೆದು ಮನೆಗೆ ಕಳಿಸಿದರು. ಪಂಪು ಹಾಕುವುದನ್ನು ಗಡಿಬಿಡಿಯಲ್ಲಿ ಹೇಳಿದರು, ನನಗೆ ಏನೂ ನೆನಪಿಲ್ಲ. ಈಗ ಮಗ ಆರಾಮಾಗಿ ಆಡುತ್ತಿದ್ದಾನೆ. ಪಂಪು ನಿಲ್ಲಿಸಬಹುದಾ? — ಒಬ್ಬ ತಾಯಿ, ಸಂಡೂರು

ಉತ್ತರ: ನಿಲ್ಲಿಸಬೇಡಿ ತಾಯಿ. ಎರಡರಲ್ಲಿ ಒಂದನ್ನಂತೂ ಖಂಡಿತ ನಿಲ್ಲಿಸಬೇಡಿ. ಯಾವುದನ್ನು, ಯಾಕೆ ಅಂತ ಹೇಳುತ್ತೇನೆ.

ಆ ರಾತ್ರಿ ನಿಮ್ಮ ಮಗನ ಎದೆಯೊಳಗೆ ಮೂರು ತೊಂದರೆ ಒಟ್ಟಿಗೆ ಬಂದವು. ಉಸಿರಿನ ಸಣ್ಣ ಕೊಳವೆಗಳ ಸುತ್ತ ಇರುವ ಸ್ನಾಯು ಬಿಗಿಯಿತು. ಕೊಳವೆಯ ಒಳಮೈ ಊದಿಕೊಂಡಿತು. ಅಂಟು ಕಫ ತುಂಬಿಕೊಂಡಿತು. ನೆಬುಲೈಸರಿನಲ್ಲಿ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಮಷೀನು) ಕೊಟ್ಟ ಔಷಧಿ, ಹೆಚ್ಚಾಗಿ ಸಾಲ್ಬುಟಮಾಲ್, ಬಿಗಿದ ಸ್ನಾಯುವನ್ನು ಹತ್ತು ಹದಿನೈದು ನಿಮಿಷದಲ್ಲಿ ಸಡಿಲ ಮಾಡುತ್ತದೆ. ಅದಕ್ಕೇ ಮಗು ನಿಮ್ಮ ಕಣ್ಣೆದುರೇ ಚೇತರಿಸಿಕೊಂಡಿತು. ಆದರೆ ಅದರ ಬಲ ಇರುವುದು ನಾಲ್ಕರಿಂದ ಆರು ಗಂಟೆ. ಊತವನ್ನು ಅದು ಇಳಿಸುವುದಿಲ್ಲ. ಊತ ಪೂರ್ತಿ ಇಳಿಯಲು ದಿನಗಳು ಬೇಕು, ಕೆಲವು ಮಕ್ಕಳಲ್ಲಿ ವಾರಗಳೇ ಬೇಕು. ಮಗ ಅಂಗಳದಲ್ಲಿ ಓಡಾಡುತ್ತಿದ್ದಾನೆ ಅಂದರೆ ಒಳಗೆ ಎಲ್ಲ ಸರಿಹೋಗಿದೆ ಅಂತ ಅಲ್ಲ. ಒಮ್ಮೆ ಎಮರ್ಜೆನ್ಸಿಗೆ ಹೋಗಿ ಬಂದ ಮಗುವಿಗೆ ಮತ್ತೆ ಹಾಗೆ ಆಗುವ ಭಯ ಉಳಿದ ಮಕ್ಕಳಿಗಿಂತ ಜಾಸ್ತಿ. ಅದರಲ್ಲೂ ಮೊದಲ ಕೆಲವು ವಾರ ಬಹಳ ಹುಷಾರಾಗಿರಬೇಕು.

ಈಗ ನಿಮ್ಮ ಚೀಟಿಗೆ ಬರೋಣ. ಐದು ದಿನದ ಮಾತ್ರೆ ಪ್ರೆಡ್ನಿಸೊಲೋನ್ ಇರಬೇಕು. ಅದು ಊತವನ್ನು ಬೇಗ ಇಳಿಸಲು ಕೊಡುವ ಸ್ಟೀರಾಯ್ಡ್. ಬರೆದಷ್ಟು ದಿನ ಪೂರ್ತಿ ಕೊಟ್ಟಿದ್ದರೆ ಸಾಕು, ಅದು ಮುಗಿಯಿತು. ಎರಡು ಪಂಪಿನಲ್ಲಿ ಒಂದು ಸಾಲ್ಬುಟಮಾಲ್ ಅಥವಾ ಲೆವೊಸಾಲ್ಬುಟಮಾಲ್. ಸಾಮಾನ್ಯವಾಗಿ ನೀಲಿ ಬಣ್ಣದ್ದು. ಇದು ದಮ್ಮು ಎದ್ದಾಗ ಮಾತ್ರ. ಇನ್ನೊಂದರಲ್ಲಿ ಬುಡೆಸೊನೈಡ್ ಅಥವಾ ಫ್ಲೂಟಿಕಾಸೋನ್ ಇರುತ್ತದೆ. ಇದು ದಿನಾ ಹಾಕುವ ಪಂಪು, ಊತ ಮತ್ತೆ ಏಳದಂತೆ ತಡೆಯುವುದು. ಹಾಕಿದ ತಕ್ಷಣ ಏನೂ ಗೊತ್ತಾಗುವುದಿಲ್ಲ, ಅದರ ಗುಣ ಕಾಣಲು ಒಂದೆರಡು ವಾರ ಬೇಕು. ತಾಯಂದಿರು ಮೊದಲು ಬಿಡುವುದು ಇದನ್ನೇ. ಮಗು ಆರಾಮಾಗಿದೆ, ಇದು ಯಾಕೆ ಸುಮ್ನೆ ಅಂತ. ಆ ಆರಾಮು ಉಳಿಯುವುದೇ ಇದರಿಂದ. ಮೂರು ತಿಂಗಳಾದರೂ ಒಂದೂ ತೊಂದರೆ ಇಲ್ಲದೆ ಕಳೆದರೆ, ಆಮೇಲೆ ಡೋಸ್ ಇಳಿಸುವ ಮಾತು. ಇಳಿಸುವವರು ನಿಮ್ಮ ಡಾಕ್ಟರು, ನೀವಲ್ಲ.

ಎರಡು ಪಂಪು ಅದಲುಬದಲಾಗದಂತೆ ದಿನದ ಪಂಪಿನ ಮೇಲೆ ಮಾರ್ಕರಿನಲ್ಲಿ ‘ದಿನಾ’ ಅಂತ ಬರೆಯಿರಿ. ಮನೆಯಲ್ಲಿ ಓದು ಬಾರದ ಅಜ್ಜಿ ಇದ್ದರೆ ಕೆಂಪು ಉಗುರುಬಣ್ಣದ ಬೊಟ್ಟು ಇಡಿ. ಡಬ್ಬಿಯ ಮೇಲೆ 200 ಡೋಸ್ ಅಂತ ಇದ್ದು, ಬೆಳಿಗ್ಗೆ ಎರಡು ಸಂಜೆ ಎರಡು ಹಾಕುತ್ತಿದ್ದರೆ 50 ದಿನಕ್ಕೆ ಅದು ಮುಗಿಯುತ್ತದೆ. ಮುಗಿದ ಮೇಲೂ ಒತ್ತಿದರೆ ಪುಸ್ಸ್ ಅಂತ ಗಾಳಿ ಬರುತ್ತದೆ, ಔಷಧಿ ಇರುವುದಿಲ್ಲ. ಶುರು ಮಾಡಿದ ತಾರೀಖನ್ನು ಅದರ ಮೇಲೇ ಬರೆದಿಡಿ.

ಇನ್ನು ಹಾಕುವ ರೀತಿ. ಎಮರ್ಜೆನ್ಸಿಯಲ್ಲಿ ಹೇಳಿದ್ದು ನೆನಪಿಲ್ಲ ಅಂತ ಬರೆದಿದ್ದೀರಿ. ನೆನಪಿರುವುದು ಹೇಗೆ ಸಾಧ್ಯ? ರಾತ್ರಿಯೆಲ್ಲಾ ನಿದ್ದೆಗೆಟ್ಟು, ಮಗು ಉಳಿಯುತ್ತೋ ಇಲ್ಲವೋ ಅಂತ ಕೂತ ತಾಯಿಯ ತಲೆಗೆ ಐದು ನಿಮಿಷದ ಪಾಠ ಇಳಿಯುವುದಿಲ್ಲ. ಇದು ನಿಮ್ಮ ತಪ್ಪಲ್ಲ. ಆಸ್ಪತ್ರೆಯವರು ಹೇಳಿ ಬಿಟ್ಟರೆ ಸಾಲದು, ತಾಯಿಯ ಕೈಗೆ ಪಂಪು ಕೊಟ್ಟು ‘ನೀವು ಹಾಕಿ ತೋರಿಸಿ’ ಅನ್ನಬೇಕು. ನನ್ನ ಕೋಣೆಯ ಮೇಜಿನ ಮೇಲೆ ಯಾವಾಗಲೂ ಒಂದು ಖಾಲಿ ಪಂಪು, ಒಂದು ಸ್ಪೇಸರ್ (ಪಂಪಿಗೆ ಸಿಕ್ಕಿಸಿ ಅದರ ಮೂಲಕ ಔಷಧಿ ಎಳೆದುಕೊಳ್ಳುವ ಪ್ಲಾಸ್ಟಿಕ್ ಕೊಳವೆ) ಇರುತ್ತವೆ. ವರ್ಷಗಳಿಂದ ಪಂಪು ಹಾಕುತ್ತಿರುವ ಮನೆಯವರೂ ಮುಚ್ಚಳ ತೆಗೆಯದೆ ಒತ್ತುವುದನ್ನು ಇಲ್ಲಿ ನೋಡಿದ್ದೇನೆ.

ಸರಿಯಾದ ಕ್ರಮ ಹೀಗಿದೆ. ಮಗುವನ್ನು ನೆಟ್ಟಗೆ ಕೂರಿಸಿ. ಮುಚ್ಚಳ ತೆಗೆದು ಪಂಪನ್ನು ಚೆನ್ನಾಗಿ ಕುಲುಕಿ ಸ್ಪೇಸರಿಗೆ ಸಿಕ್ಕಿಸಿ. ಆರು ವರ್ಷದವನು ಸ್ಪೇಸರಿನ ಬಾಯಿಯನ್ನು ತುಟಿಯಿಂದ ಬಿಗಿಯಾಗಿ ಹಿಡಿದುಕೊಳ್ಳಬಲ್ಲ. ಇನ್ನೂ ಸಣ್ಣ ಮಕ್ಕಳಿಗಾದರೆ ಮಾಸ್ಕ್ ಬೇಕು, ಅದು ಮೂಗು ಬಾಯಿಗೆ ಸಂದಿಲ್ಲದಂತೆ ಕೂರಬೇಕು. ಒಂದು ಸಲ ಒತ್ತಿ. ಮಗು ಐದಾರು ಸಲ ನಿಧಾನವಾಗಿ ಉಸಿರಾಡಲಿ. ಎರಡನೇ ಡೋಸಿಗೆ ಮತ್ತೆ ಕುಲುಕಿ, ಮತ್ತೆ ಒಂದು ಸಲ ಒತ್ತಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರಿನ ಗೋಡೆಗೇ ಅಂಟುತ್ತದೆ. ದಿನದ ಪಂಪು ಹಾಕಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ, ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಹುಣ್ಣು ಬರಬಹುದು. ಅತ್ತು ರಂಪ ಮಾಡುವಾಗ ಹಾಕಿದರೆ ಔಷಧಿ ಎದೆಗೆ ಸರಿಯಾಗಿ ಇಳಿಯುವುದಿಲ್ಲ. ಮೊದಲು ಗೊಂಬೆಗೋ ಅಣ್ಣನಿಗೋ ಹಾಕಿದ ಹಾಗೆ ಆಟ ಮಾಡಿ. ಸ್ಪೇಸರನ್ನು ಆಗಾಗ ಸೋಪಿನ ನೀರಿನಲ್ಲಿ ಅದ್ದಿ ಹಾಗೇ ಒಣಗಲು ಬಿಡಿ, ಬಟ್ಟೆಯಿಂದ ಒರೆಸಬೇಡಿ. ಒರೆಸಿದರೆ ಔಷಧಿ ಒಳಗೋಡೆಗೆ ಜಾಸ್ತಿ ಅಂಟಿಕೊಳ್ಳುತ್ತದೆ.

ಇದನ್ನು ಕಲಿಯಬೇಕಾದವರು ಯಾರು? ರಾತ್ರಿ ಮಗುವಿನ ಪಕ್ಕದಲ್ಲಿ ಮಲಗುವವರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಗು ಅಜ್ಜಿಯ ಪಕ್ಕ ಮಲಗುತ್ತದೆ, ಆಸ್ಪತ್ರೆಗೆ ಬರುವುದು ಅಪ್ಪ, ಔಷಧಿ ಇಡುವುದು ಅಮ್ಮ. ದಮ್ಮು ಏಳುವುದು ಹೆಚ್ಚಾಗಿ ನಡುರಾತ್ರಿ, ಬೆಳಗಿನ ಜಾವ. ಆಗ ಎಚ್ಚರಾಗುವವರ ಕೈಗೆ ಪಂಪು ಹಾಕಲು ಬರಬೇಕು. ಮುಂದಿನ ಸಲ ಬರುವಾಗ ಅವರನ್ನೇ ಕರೆದುಕೊಂಡು ಬನ್ನಿ. ಎಮರ್ಜೆನ್ಸಿಯಿಂದ ಬಂದ ಮಗುವನ್ನು ಒಂದೆರಡು ದಿನದಲ್ಲೇ ಡಾಕ್ಟರಿಗೆ ಮತ್ತೆ ತೋರಿಸಬೇಕು. ನೀವು ತೋರಿಸಿಲ್ಲ ಅಂತ ಕಾಣುತ್ತದೆ. ಈ ವಾರವೇ ಹೋಗಿ, ಪಂಪು, ಸ್ಪೇಸರ್, ಹಳೆಯ ಚೀಟಿ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.

ಅಲ್ಲಿ ಒಂದು ಕಾಗದ ಬರೆಸಿಕೊಳ್ಳಿ. ಕೇಳಿ ಬರೆಸಿಕೊಳ್ಳುವುದು ನಿಮ್ಮ ಹಕ್ಕು. ಮಗ ಆರಾಮಿದ್ದಾಗ ಏನು ಕೊಡಬೇಕು, ನೆಗಡಿ ಕೆಮ್ಮು ಶುರುವಾದಾಗ ಏನು, ದಮ್ಮು ಎದ್ದಾಗ ಏನು. ನಾನು ಈ ವಯಸ್ಸಿನ ಮಕ್ಕಳಿಗೆ ಸಾಮಾನ್ಯವಾಗಿ ಬರೆಯುವುದು ಇದು: ದಮ್ಮು ಎದ್ದರೆ ನೀಲಿ ಪಂಪು ನಾಲ್ಕು ಸಲ, ಒಂದೊಂದಾಗಿ, ಸ್ಪೇಸರಿನಲ್ಲಿ. ಇಪ್ಪತ್ತು ನಿಮಿಷ ನೋಡಿ. ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು ಹಾಕಿ, ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಇಪ್ಪತ್ತು ನಿಮಿಷಕ್ಕೊಮ್ಮೆ ಹಾಕುತ್ತಿರಿ. ನಿಮ್ಮ ಮಗನಿಗೆ ಎಷ್ಟು ಅಂತ ಅವನ ಡಾಕ್ಟರು ಬರೆಯಲಿ. ಆ ಕಾಗದವನ್ನು ಫೈಲಿನಲ್ಲಿ ಇಡಬೇಡಿ, ಗೋಡೆಗೆ ಅಂಟಿಸಿ.

ಕೆಲವು ಲಕ್ಷಣಗಳಿಗೆ ಇಪ್ಪತ್ತು ನಿಮಿಷ ಕಾಯುವ ಹಾಗಿಲ್ಲ. ಪಕ್ಕೆಲುಬಿನ ಸಂದಿ, ಗಂಟಲ ಗುಳಿ ಒಳಗೆ ಎಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಯಾದರೆ, ಮಗು ಮಂಕಾಗಿ ತೂಗಡಿಸಿದರೆ ಪಂಪು ಹಾಕುತ್ತಲೇ 108ಕ್ಕೆ ಫೋನ್ ಮಾಡಿ. ಸುಂಯ್‌ಗುಟ್ಟುವ ಸದ್ದು ನಿಂತು ಮಗು ಸುಸ್ತಾಗಿದ್ದರೆ ಕಡಿಮೆಯಾಯಿತು ಅಂತ ನೆಮ್ಮದಿ ಪಡಬೇಡಿ. ಗಾಳಿಯೇ ಓಡಾಡದಿದ್ದಾಗಲೂ ಸದ್ದು ನಿಲ್ಲುತ್ತದೆ. ಅದು ಎಲ್ಲಕ್ಕಿಂತ ಅಪಾಯದ ಹೊತ್ತು. ಸಂಡೂರಿನಿಂದ ಬಳ್ಳಾರಿಗೆ ಬರಲು ಒಂದು ಗಂಟೆಯಾದರೂ ಬೇಕು, ಅದಿರಿನ ಲಾರಿ ಸಿಕ್ಕರೆ ಇನ್ನೂ ಜಾಸ್ತಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಆಕ್ಸಿಜನ್, ನೆಬುಲೈಸೇಶನ್ ಕೊಡಿಸಿ, ಆಮೇಲೆ ಮುಂದೆ ಹೊರಡಿ.

ಪ್ರಶ್ನೆ: ಮೊಮ್ಮಗಳಿಗೆ ನಾಲ್ಕು ವರ್ಷ. ವರ್ಷದಲ್ಲಿ ಎರಡು ಸಲ ರಾಯಚೂರಿಗೆ ಎಮರ್ಜೆನ್ಸಿಗೆ ಒಯ್ದಿದ್ದೇವೆ. ಪಂಪು ಚಟ ಆಗುತ್ತದೆ, ಅದರಲ್ಲಿ ಸ್ಟೀರಾಯ್ಡ್ ಇದೆ ಅಂತ ಎಲ್ಲರೂ ಹೆದರಿಸುತ್ತಾರೆ. ಸಿರಪ್ಪಿನಲ್ಲೇ ಗುಣ ಮಾಡಲು ಆಗುವುದಿಲ್ಲವೇ? ಮೃಗಶಿರ ಮಳೆಗೆ ಹೈದರಾಬಾದಿಗೆ ಮೀನಿನ ಮದ್ದಿಗೆ ಕರೆದೊಯ್ಯೋಣ ಅಂತ ಮನೆಯಲ್ಲಿ ಮಾತಾಗಿದೆ. — ರೈತ ಅಜ್ಜ, ಸಿಂಧನೂರು ತಾಲ್ಲೂಕು

ಉತ್ತರ: ಹಿರಿಯರೇ, ಮೊಮ್ಮಗಳ ಮೇಲಿನ ಕಾಳಜಿಯಿಂದ ಕೇಳಿದ್ದೀರಿ. ಬಿಡಿಸಿಯೇ ಹೇಳುತ್ತೇನೆ.

ಸಾಲ್ಬುಟಮಾಲ್ ಸಿರಪ್ 5 ಮಿಲಿಯಲ್ಲಿ 2 ಮಿಲಿಗ್ರಾಂ ಔಷಧಿ ಇರುತ್ತದೆ. ಅಂದರೆ 2000 ಮೈಕ್ರೋಗ್ರಾಂ. ಅದೇ ಪಂಪನ್ನು ಒಂದು ಸಲ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಇಪ್ಪತ್ತು ಪಾಲು ಕಡಿಮೆ. ಸಿರಪ್ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲಾ ಸುತ್ತಿ ಎದೆಗೆ ಬರಬೇಕು. ಅಷ್ಟರಲ್ಲಿ ಮಗುವಿನ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ಪಂಪಿನ ಔಷಧಿ ನೇರ ಉಸಿರಿನ ಕೊಳವೆಗೇ ಹೋಗುತ್ತದೆ. ಸಿರಪ್ಪನ್ನು ಸೌಮ್ಯ, ಪಂಪನ್ನು ಜೋರು ಅಂದುಕೊಂಡಿದ್ದೇವೆ, ಲೆಕ್ಕ ನೋಡಿದರೆ ತಿರುಗುಮುರುಗು.

ಸ್ಟೀರಾಯ್ಡ್ ವಿಷಯವೂ ಹಾಗೆಯೇ. ದಿನದ ಪಂಪಿನಲ್ಲಿ ಇರುವುದು ಮೈಕ್ರೋಗ್ರಾಂ ಲೆಕ್ಕದ ಸ್ಟೀರಾಯ್ಡ್. ಪಂಪು ಬಿಟ್ಟು ಮಗು ಪದೇ ಪದೇ ಎಮರ್ಜೆನ್ಸಿಗೆ ಹೋದರೆ, ಪ್ರತಿ ಸಲ ಬಾಯಲ್ಲೋ ಸೂಜಿಯಲ್ಲೋ ಕೊಡುವುದು ಮಿಲಿಗ್ರಾಂ ಲೆಕ್ಕದ್ದು. ಸ್ಟೀರಾಯ್ಡ್ ಕಡಿಮೆ ಮಾಡಬೇಕು ಅಂದರೆ ಪಂಪನ್ನು ತಪ್ಪದೆ ಹಾಕಬೇಕು. ವರ್ಷಗಟ್ಟಲೆ ಹಾಕಿದ ಮಕ್ಕಳ ಎತ್ತರ ದೊಡ್ಡವರಾದಾಗ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಿದ್ದು ಕಂಡುಬಂದಿದೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ರಾತ್ರಿಯೆಲ್ಲಾ ಕೆಮ್ಮುತ್ತಾ ನಿದ್ದೆ, ಊಟ ಎರಡೂ ಇಲ್ಲದ ಮಗುವಿನ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ ಅಲ್ವಾ? ಚಟದ ಮಾತಂತೂ ಸುಳ್ಳು. ಪಂಪು ಚಟ ಹಿಡಿಸುವುದಿಲ್ಲ. ಕಾಯಿಲೆ ವರ್ಷಗಟ್ಟಲೆ ಇರುವುದರಿಂದ ಪಂಪೂ ವರ್ಷಗಟ್ಟಲೆ ಬೇಕಾಗುತ್ತದೆ, ಅಷ್ಟೇ.

ನೀವು ನೀರಾವರಿ ರೈತರು, ನಿಮಗೆ ಹೀಗೆ ಹೇಳಬಹುದು. ಕಾಲುವೆಯಲ್ಲಿ ಹೂಳು ತುಂಬಿದಾಗ ತೂಬು ಜಾಸ್ತಿ ಎತ್ತಿದರೆ ಆ ಹೊತ್ತಿಗೆ ಹೊಲಕ್ಕೆ ನೀರು ಬರುತ್ತದೆ, ಹೂಳು ಅಲ್ಲೇ ಇರುತ್ತದೆ. ನೀಲಿ ಪಂಪು ತೂಬು ಎತ್ತುತ್ತದೆ, ದಿನದ ಪಂಪು ಹೂಳು ತೆಗೆಯುತ್ತದೆ. ನೀಲಿ ಪಂಪು ವಾರದಲ್ಲಿ ಎರಡು ದಿನಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ, ಮಗು ಕೆಮ್ಮಿನಿಂದ ರಾತ್ರಿ ಎದ್ದು ಕೂರುತ್ತಿದ್ದರೆ ಕಾಯಿಲೆ ಹತೋಟಿಯಲ್ಲಿಲ್ಲ ಅಂತ ಲೆಕ್ಕ.

ಮೀನಿನ ಮದ್ದಿಗೆ ನಮ್ಮ ಜಿಲ್ಲೆಗಳಿಂದ ಎಷ್ಟೋ ಜನ ಹೋಗುತ್ತಾರೆ, ಗೊತ್ತು. ಅದರಿಂದ ಆಸ್ತಮಾ ಗುಣವಾಗುತ್ತದೆ ಅನ್ನಲು ಆಧಾರ ಇಲ್ಲ. ನಾಲ್ಕು ವರ್ಷದ ಮಗುವಿನ ಗಂಟಲಿಗೆ ಜೀವಂತ ಮೀನು ಇಳಿಸುವುದು, ಜೂನ್ ತಿಂಗಳ ಆ ನೂಕುನುಗ್ಗಲಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದು ನನಗೆ ಭಯ ಹುಟ್ಟಿಸುತ್ತದೆ. ಉಸಿರಿಗೆ ತೊಂದರೆ ಇರುವ ಮಗುವಿಗೇ ಅಡ್ಡ ಸಿಕ್ಕಿಕೊಂಡರೆ? ಕರೆದೊಯ್ಯಬೇಡಿ ಅನ್ನುವುದೇ ನನ್ನ ಮಾತು. ಮನೆಯವರ ಒತ್ತಾಯಕ್ಕೆ ಹೋಗಲೇಬೇಕಾದರೆ ಬೆಲ್ಲದಲ್ಲಿ ಕೊಡುವುದೂ ಉಂಟು, ಅದನ್ನು ಕೇಳಿ. ಪಂಪು ಮಾತ್ರ ಒಂದು ದಿನವೂ ತಪ್ಪಬಾರದು, ನೀಲಿ ಪಂಪು ಜೇಬಿನಲ್ಲೇ ಇರಲಿ. ಎದೆಗೆ ಬರೆ ಹಾಕಿಸೋಣ ಅಂತ ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ಸುಟ್ಟ ಗಾಯಕ್ಕೆ ಕೀವಾಗಿ ಬಂದ ಕೂಸುಗಳನ್ನು ನೋಡಿದ್ದೇನೆ. ಆ ನೋವು ಮಗುವಿಗೆ ಬೇಡ.

ಇನ್ನೊಂದು ಮಾತು. ಕೊಯ್ಲಾದ ಮೇಲೆ ಗದ್ದೆಯಲ್ಲಿ ಹುಲ್ಲು ಸುಡುವುದು ಬಿಡಿ. ಪಕ್ಕದ ಹೊಲದವರಿಗೂ ನೀವೇ ಹೇಳಿ. ಡಾಕ್ಟರ ಮಾತಿಗಿಂತ ಊರಲ್ಲಿ ನಿಮ್ಮ ಮಾತಿಗೆ ಬೆಲೆ ಜಾಸ್ತಿ.

ಪ್ರಶ್ನೆ: ಪದೇ ಪದೇ ಆಸ್ಪತ್ರೆಗೆ ಓಡುವ ಬದಲು ಮನೆಗೇ ನೆಬುಲೈಸರ್ ತಂದರೆ ಆಗುವುದಿಲ್ಲವೇ? — ರಾಯಚೂರು

ಉತ್ತರ: ಹೆಚ್ಚಿನ ಮಕ್ಕಳಿಗೆ ಬೇಕಿಲ್ಲ. ಸಾಧಾರಣ ದಮ್ಮಿಗೆ ಸ್ಪೇಸರಿನಲ್ಲಿ ಸರಿಯಾಗಿ ಹಾಕಿದ ಪಂಪು ಅಷ್ಟೇ ಕೆಲಸ ಮಾಡುತ್ತದೆ. ಕರೆಂಟ್ ಬೇಡ, ಬಸ್ಸಿನಲ್ಲೂ ಹಾಕಬಹುದು. ಮನೆಯಲ್ಲಿ ಮಷೀನು ಇದ್ದಾಗ ಇನ್ನೊಂದು ಸಲ, ಮತ್ತೊಂದು ಸಲ ಅಂತ ಹಾಕುತ್ತಾ ಆಸ್ಪತ್ರೆಗೆ ಹೊರಡುವುದು ತಡವಾಗುತ್ತದೆ. ನನಗೆ ಅದರದ್ದೇ ಹೆದರಿಕೆ.

ಪ್ರಶ್ನೆ: ನಮ್ಮ ಶಾಲೆಯ ಮೂರನೇ ತರಗತಿ ಹುಡುಗಿಗೆ ಆಟದ ಪಿರಿಯಡ್‌ನಲ್ಲಿ ಉಸಿರು ಕಟ್ಟಿತು. ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಮನೆಯವರು ಆಟಕ್ಕೆ ಬಿಡಬೇಡಿ ಅನ್ನುತ್ತಾರೆ. ಮತ್ತೆ ಹಾಗಾದರೆ ನಾವೇನು ಮಾಡಬೇಕು? — ಶಿಕ್ಷಕಿ, ಕೊಪ್ಪಳ ತಾಲ್ಲೂಕು

ಉತ್ತರ: ನಿಮ್ಮಂಥ ಟೀಚರ್ ಕೇಳಿದ್ದಕ್ಕೆ ಬಹಳ ಸಂತೋಷವಾಯಿತು, ಮೇಡಂ. ಆಟ ಬಿಡಿಸಬೇಡಿ. ಆಸ್ತಮಾ ಹತೋಟಿಯಲ್ಲಿರುವ ಮಗು ಕಬಡ್ಡಿಯನ್ನೂ ಆಡಬಹುದು. ಓಡಿದರೆ ದಮ್ಮು ಏಳುತ್ತದೆ ಅಂದರೆ ಔಷಧಿ ಸಾಲುತ್ತಿಲ್ಲ, ಮನೆಯವರು ಡಾಕ್ಟರಿಗೆ ಹೇಳಬೇಕು. ಆಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ನೀಲಿ ಪಂಪು ಹಾಕಲು ಡಾಕ್ಟರು ಬರೆದುಕೊಟ್ಟರೆ ಅದನ್ನು ನೀವೇ ಹಾಕಿಸಬಹುದು.

ಒಂದು ನೀಲಿ ಪಂಪು, ಒಂದು ಸ್ಪೇಸರ್, ಡಾಕ್ಟರ ಕಾಗದದ ಪ್ರತಿ ಶಾಲೆಯಲ್ಲೇ ಇರಲಿ. ಬೀರುವಿಗೆ ಬೀಗ ಹಾಕಿ ಇಡಬೇಡಿ, ಹೆಡ್ಮಾಸ್ಟರು ಮೀಟಿಂಗಿಗೆ ಹೋದ ದಿನವೇ ಅದು ಬೇಕಾಗುತ್ತದೆ. ದಮ್ಮು ಎದ್ದರೆ ಹುಡುಗಿಯನ್ನು ಮಲಗಿಸಬೇಡಿ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿರಲಿ. ಸುತ್ತ ನೆರೆದ ಮಕ್ಕಳನ್ನು ಕಳಿಸಿ. ಮೇಲೆ ಸಂಡೂರಿನ ತಾಯಿಗೆ ಬರೆದ ಹಾಗೆ ಪಂಪು ಹಾಕಿ. ಸ್ಪೇಸರ್ ಇಲ್ಲದಿದ್ದರೆ ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಬಾಟಲಿಯ ಬಾಯಿಯಿಂದ ಉಸಿರಾಡಿಸಿ. ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಅರ್ಧ ಲೀಟರಿನ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು. ಇಂಥದ್ದೊಂದನ್ನು ಇವತ್ತೇ ಮಾಡಿಟ್ಟುಕೊಳ್ಳಿ. ತರಗತಿ ಗುಡಿಸುವ ಮುಂಚೆ ನೀರು ಚಿಮುಕಿಸಿ, ಆ ಹುಡುಗಿಯನ್ನು ಗುಡಿಸಲು ಹಚ್ಚಬೇಡಿ.

ಪ್ರಶ್ನೆ: ನಾವು ತೋರಣಗಲ್ಲು ಹತ್ತಿರ ಇದ್ದೇವೆ. ಎಲ್ಲಿ ನೋಡಿದರೂ ಧೂಳು. ಮಗನ ಆಸ್ತಮಾಕ್ಕೆ ಊರು ಬಿಡಲೇಬೇಕಾ? ಬಾಳೆಹಣ್ಣು, ಮೊಸರು ಕೊಡಬಹುದಾ?

ಉತ್ತರ: ಹೊಟ್ಟೆಪಾಡಿನ ಊರನ್ನು ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ರಸ್ತೆಯ ಧೂಳು ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ಲಾರಿಗಳ ಮೇಲೆ ಹೊದಿಕೆ ಬೇಕು, ರಸ್ತೆಗೆ ನೀರು ಬೇಕು, ಅದನ್ನು ಊರವರೆಲ್ಲಾ ಸೇರಿ ಪಂಚಾಯತಿಯಲ್ಲಿ ಗಟ್ಟಿಯಾಗಿ ಕೇಳಬೇಕು. ಮನೆಯೊಳಗಿನ ಹೊಗೆ ಮಾತ್ರ ನಿಮ್ಮ ಕೈಯಲ್ಲೇ ಇದೆ. ಚೀನಾ ಮತ್ತು ಮಲೇಷ್ಯಾದ ಸೊಳ್ಳೆ ಬತ್ತಿಗಳನ್ನು ಪರೀಕ್ಷಿಸಿದ 2003ರ ಒಂದು ಅಧ್ಯಯನದ ಪ್ರಕಾರ, ಒಂದು ಬತ್ತಿ ಸುಟ್ಟರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು. ಅದನ್ನು ಹಚ್ಚಿ, ಬಾಗಿಲು ಹಾಕಿ, ಮಗುವನ್ನು ಪಕ್ಕದಲ್ಲಿ ಮಲಗಿಸುತ್ತೇವೆ. ಸೊಳ್ಳೆಪರದೆ ಕಟ್ಟಿ. ಬೀಡಿ, ಸಿಗರೇಟು ಮನೆಯಲ್ಲಿ ಯಾರೂ ಸೇದಬಾರದು. ಹೊರಗೆ ಸೇದಿ ಬಂದು ಮಗುವನ್ನು ಎತ್ತಿಕೊಂಡರೂ ಬಟ್ಟೆಯ ತುಂಬ ಅದರ ಹೊಗೆಯೇ ಇರುತ್ತದೆ. ಸೌದೆ ಒಲೆ ಹಚ್ಚುವಾಗ, ಒಗ್ಗರಣೆಗೆ ಮೆಣಸಿನಕಾಯಿ ಹಾಕುವಾಗ ಮಗು ಅಡುಗೆಮನೆಯಲ್ಲಿ ಬೇಡ. ಲೋಬಾನದ ಹೊಗೆಯೂ ಬೇಡ. ಕಸಬರಿಗೆಗಿಂತ ಒದ್ದೆ ಬಟ್ಟೆಯಿಂದ ನೆಲ ಒರೆಸುವುದು ಒಳ್ಳೆಯದು. ಹಳೆಯ ಕೌದಿಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ನಮ್ಮ ಕಡೆ ಎಲ್ಲೆಂದರಲ್ಲಿ ಬೆಳೆಯುವ ಬಳ್ಳಾರಿ ಜಾಲಿಯ ಹೂಪುಡಿಯೂ ಕೆಲವರಿಗೆ ಅಲರ್ಜಿ. ಮನೆ ಗೋಡೆಗೆ ತಾಗಿ ಬೆಳೆದಿದ್ದರೆ ಕಡಿಸಿ.

ಬಾಳೆಹಣ್ಣು, ಮೊಸರು ಧಾರಾಳವಾಗಿ ಕೊಡಿ. ತಿಂದಾಗಲೆಲ್ಲಾ ದಮ್ಮು ಏಳುವುದನ್ನು ನೀವೇ ಕಂಡಿದ್ದರೆ ಮಾತ್ರ ಆ ಒಂದು ಪದಾರ್ಥ ಬಿಡಿ.

ಪ್ರಶ್ನೆ: ನಮ್ಮದು ಹೆಣ್ಣುಮಗು, ಎಂಟು ವರ್ಷ. ಎಮರ್ಜೆನ್ಸಿಯಿಂದ ಬರುವಾಗ ಚೀಟಿಯಲ್ಲಿ ಆಸ್ತಮಾ ಅಂತ ಬರೆದುಬಿಟ್ಟರು. ನಾಳೆ ಮದುವೆಗೆ ತೊಂದರೆ ಆಗುವುದಿಲ್ಲವೇ? ಹೆಸರು ಬದಲಿಸಿ ಅಲರ್ಜಿ ಕೆಮ್ಮು ಅಂತ ಬರೆದುಕೊಡಿ ಅಂದರೆ ಒಪ್ಪಲಿಲ್ಲ. ದೊಡ್ಡವಳಾದ ಮೇಲೆ ಹೋಗುತ್ತದೆಯೇ? — ಸಿರುಗುಪ್ಪ

ಉತ್ತರ: ತಂಗೀ, ಈ ಪತ್ರ ಓದಿ ಮನಸ್ಸಿಗೆ ಬಹಳ ನೋವಾಯಿತು. ನಿಮ್ಮ ಮೇಲೆ ಸಿಟ್ಟಿಲ್ಲ, ನಿಮಗೆ ಈ ಭಯ ಹುಟ್ಟಿಸಿದ ಜನರ ಮೇಲೆ ಸಿಟ್ಟು. ಎಂಟು ವರ್ಷದ ಮಗು ಮೊದಲು ಉಸಿರಾಡಲಿ.

ಬಾಲ್ಯದ ಆಸ್ತಮಾ ಎಷ್ಟೋ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಕಡಿಮೆಯಾಗುತ್ತದೆ. ಕೆಲವರಿಗೆ ಉಳಿಯುತ್ತದೆ, ಕೆಲವರಿಗೆ ಹೋಗಿ ಮತ್ತೆ ಬರುತ್ತದೆ. ನಿಮ್ಮ ಮಗಳಿಗೆ ಹೇಗೆ ಅಂತ ಈಗಲೇ ಯಾರೂ ಮಾತು ಕೊಡಲು ಆಗುವುದಿಲ್ಲ. ಉಳಿದರೂ ಪಂಪು ಹಾಕುತ್ತಲೇ ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ, ಮಕ್ಕಳನ್ನು ಹೆತ್ತು ಬೆಳೆಸುತ್ತಿರುವ ಹೆಣ್ಣುಮಕ್ಕಳು ನನ್ನಲ್ಲಿಗೆ ಬರುತ್ತಾರೆ. ಬಸುರಿಯಲ್ಲೂ ಪಂಪು ಮುಂದುವರಿಸುತ್ತಾರೆ, ಹಾಗೇ ಮಾಡಬೇಕು ಕೂಡ.

ಚೀಟಿಯಲ್ಲಿ ಹೆಸರು ಬದಲಿಸಲು ಒಪ್ಪದ ಡಾಕ್ಟರು ನಿಮ್ಮ ಮಗಳಿಗೆ ಒಳ್ಳೆಯದನ್ನೇ ಮಾಡಿದ್ದಾರೆ. ಆಸ್ತಮಾ ಅಂತ ಬರೆದಿರದಿದ್ದರೆ ಮುಂದಿನ ಸಲ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಕಫ, ನ್ಯುಮೋನಿಯಾ ಅಂದುಕೊಂಡು ಆಂಟಿಬಯೋಟಿಕ್, ಕೆಮ್ಮಿನ ಸಿರಪ್ ಕೊಟ್ಟು ಹೊತ್ತು ಕಳೆಯಬಹುದು. ಆ ಹೊತ್ತಿನಲ್ಲಿ ಅವಳಿಗೆ ಬೇಕಾದ ಔಷಧಿ ಸಿಗುವುದಿಲ್ಲ. ದಿನಾ ಹಾಕುವ ಪಂಪನ್ನೂ ನೆಂಟರು ಬಂದಾಗ ಬಚ್ಚಿಡುತ್ತೀರಿ, ಮಗು ಅದನ್ನು ನೋಡಿ ನಾಚಿಕೆ ಕಲಿಯುತ್ತದೆ. ಇನ್ನು ಕೆಲವು ವರ್ಷಕ್ಕೆ ಗೆಳತಿಯರ ಎದುರು ಪಂಪು ತೆಗೆಯಲು ನಾಚಿ ದಮ್ಮನ್ನು ತಡೆದುಕೊಂಡು ಕೂರುತ್ತಾಳೆ. ಹಾಗೆ ತಡೆದುಕೊಂಡು ಕೈಮೀರಿದ ಮೇಲೆ ಬರುವ ಹುಡುಗಿಯರನ್ನು ನೋಡುತ್ತಲೇ ಇದ್ದೇನೆ.

ಆ ಚೀಟಿಯ ಎರಡೂ ಬದಿಯ ಫೋಟೋ ತೆಗೆದು ನಿಮ್ಮ ಮೊಬೈಲಿನಲ್ಲಿ, ಮನೆಯವರ ಮೊಬೈಲಿನಲ್ಲಿ, ತವರಿನಲ್ಲಿ ಒಬ್ಬರ ಮೊಬೈಲಿನಲ್ಲಿ ಇಡಿ. ರಜೆಗೆ ಅಜ್ಜಿ ಮನೆಗೆ ಕಳಿಸುವಾಗ ಬಟ್ಟೆಗಿಂತ ಮೊದಲು ಎರಡು ಪಂಪು, ಸ್ಪೇಸರ್ ಚೀಲಕ್ಕೆ ಹಾಕಿ. ಎಂಟು ವರ್ಷದವಳು ತಾನೇ ಪಂಪು ಹಾಕಿಕೊಳ್ಳಲು ಕಲಿಯಬಲ್ಲಳು. ನೀವು ಪಕ್ಕದಲ್ಲಿ ನಿಂತು ನೋಡಿ.